ಹೆಸರು ಕೇಳುವ ಕೆಲಸ

ಮಸ್ಕಿಯ ದುರ್ಗದ ಗುಡ್ಡದಲ್ಲಿ, ಬಂಡೆಯೊಂದರ ಮೈಮೇಲೆ
ಒಬ್ಬ ರಾಜನ ಹೆಸರು ಎರಡು ಸಾವಿರ ವರ್ಷ
ಯಾರೂ ಕೂಗದೆ ಕೂತಿತ್ತು.
ಕುರಿ ಕಾಯುವವರು ಅದರ ನೆರಳಿಗೆ ಬುತ್ತಿ ಬಿಚ್ಚಿದರು,
ಖಾರದ ಕೈ ಅದಕ್ಕೇ ಒರೆಸಿದರು.
ಚಿನ್ನ ಹುಡುಕಿ ಬಂದ ಇಂಜಿನಿಯರನೊಬ್ಬ ಕಂಡ ಮೇಲೆ
ಅಶೋಕ ಅಂದರೆ ಇವನೇ ಎಂದು
ದೇಶಕ್ಕೆ ಖಾತ್ರಿಯಾಯಿತಂತೆ.

ನಾನು ಅಂಗನವಾಡಿ ಟೀಚರು.
ಮಧ್ಯಾಹ್ನದವರೆಗೆ ಮಕ್ಕಳಿಗೆ ಮೊಟ್ಟೆ ಸುಲಿಯುತ್ತೇನೆ,
ಆಮೇಲೆ ಬಿಎಲ್‌ಒ.
ಭಾಗ ಸಂಖ್ಯೆ ನೂರಾ ಹದಿನೆಂಟು,
ಮುನ್ನೂರಾ ಆರು ಮನೆ, ಸಾವಿರದ ಹತ್ತು ಹೆಸರು.
ಬಗಲಲ್ಲಿ ಪಟ್ಟಿ, ತಲೆಯ ಮೇಲೆ ಸೆರಗು,
ಸೆರಗಿನ ಮೇಲೆ ರಾಯಚೂರಿನ ಬಿಸಿಲು.

ನಿಜಾಮನ ಕಾಲ ಮುಗಿದು, ಸಂತೆಯಲ್ಲಿ ಮಾತ್ರ
ಹಾಲಿ ಸಿಕ್ಕಾ ಇನ್ನೂ ಓಡುತ್ತಿದ್ದಾಗ
ನಮ್ಮಜ್ಜಿಯ ಬಾಗಿಲಿಗೂ ಹೀಗೇ ಒಬ್ಬ ಬಂದಿದ್ದ.
ಹೆಸರೇನವ್ವ ಅಂದ.
ಅಜ್ಜಿ ಕದದ ಹಿಂದಿನಿಂದ
"ಬಸ್ಸಣ್ಣನ ಅವ್ವ" ಅಂದಳು.
ಅದಲ್ಲ, ನಿಂದು.
"ಕೆಳಗಿನ ಮನಿ ಹಿರೇಸೊಸಿ."
ಅವನು ಮೂರನೇ ಸಲ ಕೇಳಲಿಲ್ಲ.
ಹೊಡೆದುಹಾಕಿದ ಗೆರೆ ಕದದಾಚೆ ಕಾಣಿಸಲಿಲ್ಲ.

ಚುನಾವಣೆಯ ದಿನ ಅವಳು ನವಣೆ ಕುಟ್ಟುತ್ತಿದ್ದಳು.
ಗಂಡಸರು ಗಾಡಿ ಕಟ್ಟಿ ಹೋಗಿ ಬಂದು
ಬೆರಳ ಮಸಿ ತೋರಿಸಿದಾಗ
ಏನನ್ನಿಸಿತೋ, ಯಾರಿಗೂ ಹೇಳಲಿಲ್ಲ.
ಐದು ವರ್ಷ ಕಾದಳು.
ಮುಂದಿನ ಸಲ ಬಂದವನೆದುರು ಹೊಸ್ತಿಲು ದಾಟಿ ನಿಂತು
"ಅಮರವ್ವ. ಅಮರವ್ವ ಅಂತ ಬರ್ಕೋ" ಅಂದಳಂತೆ.
ಅವ್ವನಿಗೊಂದು ಹೆಸರಿದೆಯೆಂದು
ಮಕ್ಕಳಿಗೂ ಅವತ್ತೇ ತಿಳಿದದ್ದು.
ಬರೆದವನು ಒಂದು 'ರ' ನುಂಗಿದ.
ಸಾಯುವವರೆಗೂ ಸರ್ಕಾರಕ್ಕೆ ಅವಳು ಅಮವ್ವ.

ಬಂಡೆಯಲ್ಲೂ ಕೆಲವು ಅಕ್ಷರ ಉದುರಿವೆ, ಬಿಡಿ.
ಆದರೂ ಏಳನೇ ಇಯತ್ತೆಯ ಮೇಷ್ಟ್ರು
ಗುಡ್ಡ ಹತ್ತಿಸಿ ಹೇಳಿದ ಒಂದು ಮಾತು
ಈ ಓಣಿಗಳಲ್ಲಿ ನನ್ನ ಹಿಂದೆಯೇ ಬರುತ್ತದೆ:
ದೊಡ್ಡವರಿಗಷ್ಟೇ ಇದು ದಕ್ಕುವುದೆಂದು ತಿಳಿಯಬೇಡಿ,
ಸಣ್ಣವರಿಗೂ ಹೇಳಿ, ದೊಡ್ಡವರಿಗೂ ಹೇಳಿ.
ರಾಜ ಹೇಳಿದ್ದು ಧರ್ಮದ ಮಾತು, ವೋಟಿನದಲ್ಲ, ಗೊತ್ತು.
ಕಳಿಂಗದಲ್ಲಿ ಎಷ್ಟು ಹೆಸರಿಗೆ ಗೆರೆ ಎಳೆದ ಕೈಯೋ,
ಅದೂ ಗೊತ್ತು.

ನಿನ್ನೆ ಸಂಜೆ ಸೋಮಲಿಂಗಪ್ಪನ ಕಡೆಯ ಹುಡುಗ
ಬೈಕು ಆರಿಸದೆಯೇ ಒಂದು ಚೀಟಿ ಕೊಟ್ಟ.
ನಲವತ್ತೊಂದು ಹೆಸರು,
ಎಲ್ಲವೂ ಹಳ್ಳದ ದಂಡೆಯ ಓಣಿಯವು.
"ದುಡಿಯಾಕ ಹೋಗ್ಯಾರ, ಬರಂಗಿಲ್ಲ.
ಫಾರಂ ಏಳು ಹಾಕಿ ತೆಗದುಬಿಡ್ರಿ ಟೀಚರ್."

ಬೀಗ ಇರುವುದು ನಿಜ.
ಒಂದು ಬಾಗಿಲ ಸಂದಿಗೆ ಬೇವಿನ ಕಡ್ಡಿ ಸಿಕ್ಕಿಸಿದೆ,
ಇನ್ನೊಂದರ ಮುಂದೆ ಬೋರಲು ಹಾಕಿದ ಕೊಡ,
ಕೊಡದ ಮೇಲೆ ಮಗುವಿನ ಒಂಟಿ ಚಪ್ಪಲಿ.
"ವೋಟಿಗೆ ಬಂದ ಬರ್ತಾರ" ಅಂದಳು ಪಕ್ಕದವಳು,
"ಕೋಳಿ ನನ್ನ ಹಂತೇಕ ಬಿಟ್ಟಾರ."
ಕೋಳಿ ಬಿಟ್ಟು ಹೋದವರು ಊರು ಬಿಟ್ಟವರಲ್ಲ.
ಇದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ.
ನಲವತ್ತೊಂದು ಸಲ 'ಇದ್ದಾರೆ' ಎಂದು ಬರೆದೆ.
ಕೈ ನಡುಗಲಿಲ್ಲ ಅಂದರೆ ಸುಳ್ಳು.

ಕಡೆಯ ಮನೆ. ಕಟ್ಟೆಯ ಮೇಲೆ ಮುದುಕಿ.
ಗಂಡನ ಹೆಸರು?
ಬೋಳು ಬಾಯಿ ತುಂಬ ನಕ್ಕಳು.
"ಲಂಕಿ ಸುಟ್ಟು ಬಂದಾನಲ್ಲ, ಅವನ ಹೆಸರು. ನೀನ ಬರ್ಕೋ."
ಹನುಮಂತ, ಬರೆದೆ. ನಿಂದು?
"ಹುಸೇನವ್ವ."
ಇದಕ್ಕೆ ಒಗಟಿಲ್ಲ, ಸೆರಗಿನ ಮರೆಯಿಲ್ಲ.
"ಅಕ್ಷರ ಎಲ್ಲಾ ಅದಾವಿಲ್ಲೋ ನೋಡು."
ಬೆರಳಿಟ್ಟು ಎಣಿಸಿದೆ: ಹು, ಸೇ, ನ, ವ್ವ.
"ಈಗ ಓದು. ಅಂವನೂ ಕೇಳಲಿ" ಎಂದು
ಒಳಗೆ ಗೋಡೆಯ ಫೋಟೋದ ಕಡೆ ಗದ್ದ ತೋರಿಸಿದಳು.

ಓಣಿಯ ತುದಿಯಲ್ಲಿ ಬೈಕಿನ ಸದ್ದು.
ತುಸು ಜೋರಾಗಿಯೇ ಓದಿದೆ.